ಬಸ್ಸು ನಮ್ಮ ಬಡಾವಣೆಯೊಳಗೆ ಒಂದು ಸುತ್ತು ಹಾಕಿದರೇನು?

ಪ್ರಶ್ನೆ: ನಮ್ಮದು 40 ಎಕರೆಯಲ್ಲಿ 240 ಮನೆಗಳಿರುವ ಬಡಾವಣೆ. ಬಸ್ಸು ಮುಖ್ಯರಸ್ತೆಯಲ್ಲೇ ಹೋಗಿಬಿಡುತ್ತದೆ. ಒಳಗೆ ಒಂದು ಸುತ್ತು ಹಾಕಿಕೊಂಡು ಹೋಗಿ ಎಂದು ಕೇಳಬಹುದೇ?

ಉತ್ತರ: ಕೇಳಬಹುದು. ಸಿಕ್ಕರೂ ಹೆಚ್ಚು ದಿನ ಉಳಿಯುವುದು ಕಷ್ಟ. ಯಾಕೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಒಳಗಿನ ಸುತ್ತು 2.5 ಕಿ.ಮೀ. ಅಂದುಕೊಳ್ಳಿ. ತಿರುವು, ಸ್ಟಾಪು ಎಲ್ಲ ಸೇರಿದರೆ ಗಂಟೆಗೆ 15 ಕಿ.ಮೀ. ಸಿಕ್ಕರೆ ಪುಣ್ಯ, ಅಲ್ಲಿಗೆ 10 ನಿಮಿಷ ಹೋಯಿತು. ಒಳಗೆ ಮೂವರು ಹತ್ತುತ್ತಾರೆ, ಅವರಿಗೆ ತಲಾ 8 ನಿಮಿಷದ ನಡಿಗೆ ಉಳಿಯಿತು: ಒಟ್ಟು 24 ನಿಮಿಷ. ಆಗಲೇ ಸೀಟಿನಲ್ಲಿ ಕೂತಿದ್ದ 25 ಜನ ಕಳೆದುಕೊಂಡದ್ದು 250 ನಿಮಿಷ. ಅವರಲ್ಲಿ ಕೆಲವರು ನಾಳೆಯಿಂದ ಸ್ಕೂಟರ್ ಹತ್ತುತ್ತಾರೆ.

ವೇಳಾಪಟ್ಟಿಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಹೋಗಿಬರಲು 54 ನಿಮಿಷ, ಕೊನೆಯಲ್ಲಿ ತಡವಾದದ್ದನ್ನು ಸರಿದೂಗಿಸಲು 6 ನಿಮಿಷ: ಒಂದೇ ಬಸ್ಸಿನಲ್ಲಿ ಗಂಟೆಗೊಂದು ಟ್ರಿಪ್ ಸಲೀಸು. 7:00, 8:00, 9:00, ಎಲ್ಲರಿಗೂ ಬಾಯಿಪಾಠ. ಸುತ್ತು ಸೇರಿಸಿದರೆ 70 ನಿಮಿಷ. ಆಗ 7:00, 8:10, 9:20, 10:30, ಯಾರಿಗೆ ನೆನಪಿರುತ್ತದೆ? ಗಂಟೆಗೊಂದೇ ಬೇಕೆಂದರೆ ಇನ್ನೊಂದು ಬಸ್ಸು, ಇನ್ನೊಬ್ಬ ಡ್ರೈವರ್ ಬೇಕು. 6 ನಿಮಿಷದ ಬಿಡುವನ್ನೇ ನುಂಗಿ ಹೊಂದಿಸಲು ಹೋಗುವವರಿದ್ದಾರೆ; ಆಗಲೂ 64 ನಿಮಿಷ ಬೇಕು, ತಡ ಸರಿದೂಗಿಸಲು ಬಿಡುವೂ ಇರುವುದಿಲ್ಲ. ಬೆಳಿಗ್ಗೆ ಒಮ್ಮೆ ತಡವಾದ ಬಸ್ಸು ಆಮೇಲೆ ದಿನವಿಡೀ ತಡವೇ.

ಯೋಜಕರ ಹಳೆಯ ಅಂದಾಜೊಂದಿದೆ: ಎಕರೆಗೆ 4 ಮನೆಯಿದ್ದರೆ ಗಂಟೆಗೊಂದು ಬಸ್ಸು, 7 ಇದ್ದರೆ ಅರ್ಧ ಗಂಟೆಗೊಂದು, 15ರ ಆಸುಪಾಸಿನಲ್ಲಿ ಪದೇ ಪದೇ ಓಡುವ ಬಸ್ಸು. ನಿಮ್ಮದು 6. ಇಷ್ಟು ವಿರಳವಾಗಿ ಮನೆಗಳಿರುವ ಕಡೆ ಬಸ್ಸನ್ನು ಬಗ್ಗಿಸಬಾರದು, ನಡೆಯುವ ದಾರಿಯನ್ನು ನೇರ ಮಾಡಬೇಕು.

ಹೀಗೆ ಮಾಡಿ. ನಕ್ಷೆಯಲ್ಲಿ ಸ್ಟಾಪಿನ ಸುತ್ತ 400 ಮೀಟರ್ ವೃತ್ತ ಎಳೆಯಿರಿ. ಅಂದರೆ 5 ನಿಮಿಷದ ನಡಿಗೆ. ಆಮೇಲೆ ವೃತ್ತವನ್ನು ನಂಬದೆ, ಪ್ರತಿ ಗೇಟಿನಿಂದ ನಿಜವಾದ ದಾರಿ ಅಳೆಯಿರಿ. ಮುಂದೆ ದಾರಿಯಿಲ್ಲದ ಬೀದಿಗಳಿರುವ ಬಡಾವಣೆಯಲ್ಲಿ, ಹಿತ್ತಲ ಗೋಡೆಯಿಂದ ಸ್ಟಾಪು 150 ಮೀಟರಿನಲ್ಲಿ ಕಾಣುತ್ತಿರುತ್ತದೆ, ನಡೆಯಬೇಕಾದದ್ದು 900 ಮೀಟರ್. ನಡೆಯುವ ದೂರ ನೇರ ದೂರದ ಒಂದೂವರೆ ಪಟ್ಟು ದಾಟಿದ ಕಡೆಯೆಲ್ಲ ಗುರುತು ಹಾಕಿ. ಗುರುತುಗಳು ಹೆಚ್ಚಾಗಿ ಒಂದೆರಡು ಜಾಗದಲ್ಲೇ ಗುಂಪಾಗಿ ಬೀಳುತ್ತವೆ. ಅಲ್ಲಿ ಎರಡು ಸೈಟುಗಳ ನಡುವೆ 3 ಮೀಟರ್ ಅಗಲದ ಕಾಲುದಾರಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸೈಟು ಮಾರಾಟವಾಗುವ ಮೊದಲೇ ಇದನ್ನು ನಕ್ಷೆಗೆ ಸೇರಿಸಬೇಕು. ಆಮೇಲೆ ಒಂದು ಅಡಿ ಜಾಗವೂ ಹುಟ್ಟುವುದಿಲ್ಲ.

ಕಾಲುದಾರಿ ಕೆಡುವುದು ಸಣ್ಣ ವಿಷಯಗಳಲ್ಲಿ. ನಡುವೆ ತಿರುವಿದ್ದರೆ ಕತ್ತಲಾದ ಮೇಲೆ ಯಾರೂ ಕಾಲಿಡುವುದಿಲ್ಲ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಬೇಕು, ದೀಪ ಇರಬೇಕು. ಎರಡೂ ಬದಿ ಆಳೆತ್ತರದ ಗೋಡೆ ಬೇಡ, ಸೊಂಟದೆತ್ತರದವರೆಗೆ ಗೋಡೆ, ಅದರ ಮೇಲೆ ಕಂಬಿ ಸಾಕು. ಕಾರು ನುಗ್ಗದಂತೆ ಬಾಯಲ್ಲಿ ಗೂಟ ನೆಡುವಾಗ ನಡುವೆ 1.2ರಿಂದ 1.5 ಮೀಟರ್ ಬಿಡಿ, ಗಾಲಿಕುರ್ಚಿ ದಾಟಬೇಕು. ಬೈಕೂ ದಾಟುತ್ತದೆ, ನಿಜ; ಅದನ್ನು ತಡೆಯಲೆಂದು ತಿರುಗುಗೇಟು ಹಾಕಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಮಗುವಿನ ತಳ್ಳುಗಾಡಿ. ಮಳೆನೀರಿನ ಇಳಿಜಾರು ಎತ್ತ ಎಂದೂ ನೋಡಿ. ಬೀದಿಯ ನೀರೆಲ್ಲ ಅಲ್ಲೇ ಹರಿದರೆ ಮೊದಲ ಮಳೆಗಾಲದಲ್ಲೇ ಆ ದಾರಿ ಚರಂಡಿಯಾಗುತ್ತದೆ.

ಇನ್ನು ಸ್ಟಾಪು. ಹೋಗುವಾಗಲೋ ಬರುವಾಗಲೋ, ದಿನಕ್ಕೊಮ್ಮೆ ಪ್ರತಿಯೊಬ್ಬರೂ ಮುಖ್ಯರಸ್ತೆ ದಾಟಲೇಬೇಕು. ಹಾಗಾಗಿ ನೆರಳಿನ ಸೂರಿಗಿಂತ ಮೊದಲು ದಾಟುವ ಜಾಗ ಕೇಳಿ: ರಸ್ತೆ ಮಧ್ಯೆ ನಿಲ್ಲಲು ಕನಿಷ್ಠ 2 ಮೀಟರ್ ಅಗಲದ ದಿಬ್ಬ. ಎದುರುಬದುರಿನ ಸ್ಟಾಪುಗಳನ್ನು ನೇರ ಎದುರಿಗಿಡದೆ ಒಂದರಿಂದೊಂದು ಸ್ವಲ್ಪ ದೂರ ಸರಿಸಿ ಇಡಬೇಕು, ಇಳಿದವರು ಬಸ್ಸಿನ ಹಿಂದಿನಿಂದ ದಾಟುವಂತೆ. ಮುಂದಿನಿಂದ ದಾಟಿದರೆ ಹಿಂದೆ ಬರುವ ವಾಹನಕ್ಕೆ ಅವರು ಕಾಣುವುದಿಲ್ಲ.

ನಡೆಯಲಾಗದವರಿಗೆ? ಫೋನ್ ಮಾಡಿದರೆ ಬರುವ ವ್ಯಾನು. ಇಂಥ ಕಡೆ ಅದು ಗಂಟೆಗೆ 2ರಿಂದ 5 ಜನರನ್ನಷ್ಟೇ ಒಯ್ಯಬಲ್ಲದು. ಎಲ್ಲರಿಗೂ ತೆರೆದಿಟ್ಟರೆ ಹತ್ತುವವರು ಹೆಚ್ಚಿದಂತೆ ಖರ್ಚೂ ಏರುತ್ತದೆ, ಬಸ್ಸಿನ ಹಾಗೆ ತಲಾ ವೆಚ್ಚ ಇಳಿಯುವುದಿಲ್ಲ. ಹಿರಿಯರಿಗೆ, ಆಸ್ಪತ್ರೆಗೆ ಹೋಗುವವರಿಗೆ ಮೀಸಲಿಟ್ಟು, ಬಸ್ ಬರುವ 5 ನಿಮಿಷ ಮೊದಲೇ ಸ್ಟಾಪು ಮುಟ್ಟುವಂತೆ ಹೊಂದಿಸಿ.

ಅರ್ಜಿಗೆ ಮುನ್ನ ಮನೆ ಮನೆ ಸಮೀಕ್ಷೆ ಮಾಡುತ್ತೀರಲ್ಲ, ಅಲ್ಲಿ “ಬಸ್ ಬಂದರೆ ಹತ್ತುತ್ತೀರಾ?” ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. “ನಿನ್ನೆ ಎಲ್ಲಿಗೆ ಹೋಗಿದ್ದಿರಿ, ಎಷ್ಟು ಗಂಟೆಗೆ ಹೊರಟಿರಿ, ಯಾವುದರಲ್ಲಿ ಹೋದಿರಿ?” ಎಂದು ಕೇಳಿ ಬರೆದುಕೊಳ್ಳಿ.