ಹಿರಿಯರ ಮೂರ್ಛೆ: "ಕಾಲು ಜಾರಿತು" ಎಂದಾಗ ಏನು ನೋಡಬೇಕು

ಮೆದುಳಿಗೆ ಹರಿಯುವ ರಕ್ತ ಒಮ್ಮೆಲೇ ಕುಗ್ಗಿ ಎಚ್ಚರ ತಪ್ಪಿ, ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಪೂರ್ತಿ ಮರಳಿದರೆ ಅದು ಮೂರ್ಛೆ, ಅಂದರೆ ಸಿಂಕೋಪ್. ವಯಸ್ಸಾದವರಲ್ಲಿ ಎಚ್ಚರ ತಪ್ಪಿದ್ದು ಎಷ್ಟೋ ಸಲ ಅವರಿಗೇ ನೆನಪಿರುವುದಿಲ್ಲ. "ಕಾಲು ಜಾರಿತು" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಆ ಕ್ಷಣಗಳೇ ಅಳಿಸಿಹೋಗಿವೆ. ಮುಖಕ್ಕೆ ಪೆಟ್ಟಾಗಿ ಅಂಗೈಗೆ ಏನೂ ಆಗಿಲ್ಲವೇ? ಕೈ ಊರುವಷ್ಟು ಎಚ್ಚರವೇ ಇರಲಿಲ್ಲವೇನೋ ಎಂದು ಅನುಮಾನಿಸಿ. ಕಣ್ಣಾರೆ ಕಂಡವರನ್ನು ತಪ್ಪದೆ ಕೇಳಿ.

ಕೆಲವು ಸೆಕೆಂಡು ಕೈಕಾಲು ಅದುರಿದ ಮಾತ್ರಕ್ಕೆ ಫಿಟ್ಸ್ ಎನ್ನಬೇಡಿ, ಮೂರ್ಛೆಯಲ್ಲೂ ಹೀಗಾಗುತ್ತದೆ. ನಾಲಿಗೆಯ ಪಕ್ಕ ಕಚ್ಚಿದ ಗಾಯ, ಎದ್ದ ಮೇಲೂ ಹಲವು ನಿಮಿಷದ ಗೊಂದಲ ಇದ್ದರೆ ಫಿಟ್ಸ್ ಸಾಧ್ಯತೆ ಹೆಚ್ಚು.

ಬಿದ್ದವರನ್ನು ಅಂಗಾತ ಮಲಗಿಸಿ; ಸೊಂಟ, ಕಾಲಿಗೆ ಪೆಟ್ಟಿಲ್ಲದಿದ್ದರೆ ಕಾಲು ಎತ್ತಿ ಹಿಡಿಯಿರಿ. ಕೂಡಲೇ ಕೂರಿಸಿದರೆ ಬಿಪಿ ಮತ್ತೆ ಕುಸಿಯಬಹುದು. ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಎಚ್ಚರವೂ ಇಲ್ಲದೆ ಉಸಿರಾಟವೂ ಸರಿಯಿಲ್ಲದಿದ್ದರೆ ಅದು ಮೂರ್ಛೆಯಲ್ಲ: ಸಹಾಯಕ್ಕೆ ಕರೆದು ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಶುರುಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾಗಿದ್ದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕಳಿಸಬೇಕು.

ಮುಂದಿನ ಪರೀಕ್ಷೆಗೆ ಖರ್ಚಿಲ್ಲ, ಆದರೂ ಇದನ್ನೇ ಹೆಚ್ಚಾಗಿ ಬಿಡುತ್ತಾರೆ. 5 ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿದ ತಕ್ಷಣ, 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಕುಸಿಯುತ್ತಿದೆ ಎಂದರ್ಥ. ನಾಡಿ ಚೆನ್ನಾಗಿ ಏರಿದರೆ ಮೈಯಲ್ಲಿ ನೀರು ಅಥವಾ ರಕ್ತ ಕಡಿಮೆಯಾಗಿರಬಹುದು. ಏರದಿದ್ದರೆ ನರದ ದೋಷ, ಇಲ್ಲವೇ ನಾಡಿ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆಯ ಪರಿಣಾಮ ಇರಬಹುದು. ಒಮ್ಮೆ ಸರಿ ಬಂತೆಂದು ಕೈಬಿಡಬೇಡಿ. ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೂ ನೋಡಿ. ಊಟವಾದ 2 ಗಂಟೆಯೊಳಗೆ ಬಿಪಿ ಇಳಿಯುವವರೂ ಇದ್ದಾರೆ.

ಮಾತ್ರೆಗಳ ಚೀಲವನ್ನೇ ತರಿಸಿ ನೋಡಿ. ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯದ ಎದೆನೋವಿಗೆ ಕೊಡುವ ನೈಟ್ರೇಟ್, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಬಿಪಿ ಇಳಿಸಬಲ್ಲವು. ಮರೆವಿಗೆ ಕೊಡುವ ಡೊನೆಪೆಜಿಲ್ ನಾಡಿ ನಿಧಾನಗೊಳಿಸುತ್ತದೆ. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬಾರದು.

ಇಸಿಜಿ ಎಲ್ಲರಿಗೂ ಬೇಕು. ಶ್ರಮಪಡುತ್ತಿರುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪುವುದು, ಮುನ್ಸೂಚನೆಯೇ ಇಲ್ಲದೆ ಬೀಳುವುದು, ಎದೆನೋವು, ಬೀಳುವ ಮುಂಚೆ ಎದೆಬಡಿತದ ಏರುಪೇರು: ಇವುಗಳಲ್ಲಿ ಒಂದಿದ್ದರೂ ಹೃದಯವನ್ನೇ ಮೊದಲು ಶಂಕಿಸಿ, ಅದೇ ದಿನ ಆಸ್ಪತ್ರೆಗೆ ಸೇರಿಸಿ.

ನಿಂತಾಗ ಬಿಪಿ ಇಳಿಯುವವರು ಹಾಸಿಗೆಯಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಆಡಿಸಿ ಏಳಲಿ. ರಾತ್ರಿ ಮೂತ್ರಕ್ಕೆ ಗಂಡಸರೂ ಕೂತೇ ಹೋಗಲಿ. ನೀರು, ಉಪ್ಪು ಹೆಚ್ಚಿಸುವ ಸಲಹೆ ಹೃದಯ ವೈಫಲ್ಯ ಇರುವವರಿಗೆ ಅಪಾಯ. ಅದನ್ನು ವಿಚಾರಿಸದೆ ಹೇಳಬೇಡಿ.