ಫೋನಿಗೆ ನೆನಪಿರುವ ನಾನು

ಹೋದ ತಿಂಗಳು ಒಂದು ಬೆಳಗ್ಗೆ ಒಲೆ ಮೇಲೆ ಹಾಲಿಟ್ಟು ಫೋನ್ ತೆಗೆದೆ. ‘ಒಂಬತ್ತು ವರ್ಷದ ಹಿಂದೆ ಇದೇ ದಿನ’ ಅಂತ ನನ್ನದೇ ಹಳೇ ಪೋಸ್ಟ್ ಒಂದು ಕಣ್ಣೆದುರು ಬಂತು. ಗೆಳತಿಯೊಬ್ಬಳ ಜೊತೆ ಮಾತಿಗೆ ಮಾತು ಬೆಳೆದಾಗ ಬರೆದಿದ್ದು. ಅವಳ ಹೆಸರೆತ್ತಿರಲಿಲ್ಲ, ಆದರೆ ಅವಳಿಗೇ ನಾಟುವ ಹಾಗಿದ್ದ ನಾಲ್ಕು ಸಾಲು. ಕೆಳಗೆ 41 ಲೈಕ್. ಓದುತ್ತಾ ನಿಂತೆ, ಹಾಲು ಉಕ್ಕಿತು.

ನನ್ನನ್ನು ಕಲಕಿದ್ದು ಆ ಜಗಳವಲ್ಲ. ಅದು ನನಗೆ ಚೆನ್ನಾಗಿಯೇ ನೆನಪಿತ್ತು. ಅವಳು ಎರಡು ಮಾತು ಜಾಸ್ತಿ ಆಡಿದಳು, ನಾನು ಸುಮ್ಮನಿದ್ದೆ, ಆಮೇಲೆ ಎಲ್ಲ ಸರಿಹೋಯಿತು. ಇಷ್ಟು ವರ್ಷ ನನ್ನ ತಲೆಯಲ್ಲಿದ್ದ ಕಥೆ ಇದು. ನಾನು ಸುಮ್ಮನಿರಲಿಲ್ಲ ಅನ್ನೋದಕ್ಕೆ ಸಾಕ್ಷಿ ಈಗ ಕೈಯಲ್ಲೇ ಇತ್ತು. ಹಾಗಾದರೆ ಇವರಿಬ್ಬರಲ್ಲಿ ನಾನು ಯಾರು? ಸುಮ್ಮನಿದ್ದೆ ಅಂತ ನೆನಪಿಟ್ಟುಕೊಂಡವಳೋ, ಚುಚ್ಚಿ ಬರೆದವಳೋ?

ಈ ಪ್ರಶ್ನೆಗೆ ಮುನ್ನೂರು ವರ್ಷ ದಾಟಿದೆ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಇದನ್ನು ನೇರವಾಗಿ ಎತ್ತಿಕೊಂಡ. ಒಬ್ಬ ರಾಜಕುಮಾರನ ಮನಸ್ಸು ತನ್ನ ಎಲ್ಲ ನೆನಪಿನ ಜೊತೆ ಚಪ್ಪಲಿ ಹೊಲಿಯುವವನ ದೇಹಕ್ಕೆ ಹೊಕ್ಕಿತು ಅಂದುಕೊಳ್ಳಿ. ಈಗ ಅವನು ಯಾರು? ರಾಜಕುಮಾರನೇ, ಅಂದ ಲಾಕ್. ನಿನ್ನೆಯ ನನ್ನನ್ನೂ ಇವತ್ತಿನ ನನ್ನನ್ನೂ ಒಬ್ಬರನ್ನಾಗಿ ಹಿಡಿದಿಡುವುದು ದೇಹವಲ್ಲ. ನಾನೇ ಮಾಡಿದೆ, ನಾನೇ ಅನುಭವಿಸಿದೆ ಅನ್ನುವ ಅರಿವು. ಅದು ಹಿಂದಕ್ಕೆ ಎಷ್ಟು ದೂರ ಚಾಚುತ್ತದೋ ಅಷ್ಟು ದೂರ ನಾನು.

1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಇದಕ್ಕೊಂದು ತೊಡಕು ಹಾಕಿದ. ಒಬ್ಬ ಹುಡುಗ ತೋಟದಲ್ಲಿ ಕದ್ದು ಏಟು ತಿಂದ. ಅವನೇ ಬೆಳೆದು ಸೇನೆ ಸೇರಿ ಶತ್ರುಗಳ ಬಾವುಟ ಕಿತ್ತುಕೊಂಡ. ಆಗ ಅವನಿಗೆ ಬಾಲ್ಯದ ಏಟು ನೆನಪಿತ್ತು. ಮುಂದೆ ಜನರಲ್ ಆದಾಗ ಬಾವುಟ ನೆನಪಿದೆ, ಏಟು ಪೂರ್ತಿ ಮರೆತಿದೆ. ಲಾಕ್ ಹೇಳಿದ್ದು ನಿಜವಾದರೆ ಆ ಹುಡುಗ ಈ ಜನರಲ್ ಅಲ್ಲ. ಆದರೆ ಅವನೇ ಅಲ್ವಾ?

ನನಗೆ ರೀಡ್‌ನ ಈ ಜನರಲ್ ತುಂಬಾ ಇಷ್ಟ. ಅವನ ಏಟಿನ ವಿಡಿಯೊ ಯಾರ ಹತ್ತಿರವೂ ಇರಲಿಲ್ಲ. ಇದ್ದಿದ್ದರೆ? ಮರೆತ ತುಂಡು ವಾಪಸ್ ಬಂದು ಸರಪಳಿ ಕೂಡಿಕೊಳ್ಳುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ. ನನ್ನ ಹಳೇ ಪೋಸ್ಟ್ ಓದಿದಾಗ ಅದು ನನಗೆ ನೆನಪಾಗಲಿಲ್ಲ, ಬೇರೆ ಯಾರೋ ಬರೆದಿದ್ದನ್ನು ಓದಿದಂತಾಯಿತು. ಲಾಕ್ ಹೇಳಿದ್ದು ಒಳಗಿನಿಂದ ಬರುವ ನೆನಪಿನ ಬಗ್ಗೆ. ಫೋನ್ ಕೊಡುವುದು ಹೊರಗಿನ ದಾಖಲೆ.

ಇವೆರಡರ ಸ್ವಭಾವವೇ ಬೇರೆ. 1932ರಲ್ಲಿ ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ ತನ್ನ ಪ್ರಯೋಗಗಳ ವಿವರ ಪ್ರಕಟಿಸಿದ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಯಿರಿ ಅಂದಿದ್ದ. ಕಥೆಯಲ್ಲಿ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಗೆ ಹೋದವರು ಅವರ ಬರಹದಲ್ಲಿ ಮೀನು ಹಿಡಿಯಲು ಹೋದರು. ಅರ್ಥವಾಗದ ಭಾಗ ಉದುರಿಹೋಯಿತು. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ನೆನಪು ಕೆಲಸ ಮಾಡುವುದೇ ಹಾಗೆ.

2000ದಲ್ಲಿ ನ್ಯೂಯಾರ್ಕಿನಲ್ಲಿ ಮಿದುಳು ವಿಜ್ಞಾನಿಗಳಾದ ಕರೀಂ ನಾದರ್, ಜೋಸೆಫ್ ಲೆಡೂ ಮತ್ತು ಸಂಗಡಿಗರು ಇದರ ಬೇರನ್ನು ಮಿದುಳಿನಲ್ಲೇ ಮುಟ್ಟಿದರು. ಒಂದು ಸದ್ದು, ಅದರ ಜೊತೆ ಸಣ್ಣ ಶಾಕ್. ಇಲಿಗಳು ಸದ್ದಿಗೆ ಹೆದರಲು ಕಲಿತವು. ಮತ್ತೆ ಅದೇ ಸದ್ದು ಕೇಳಿಸಿ, ಕೂಡಲೇ ಮಿದುಳಿನ ಅಮಿಗ್ಡಲಾ ಭಾಗಕ್ಕೆ ಪ್ರೋಟೀನ್ ತಯಾರಿ ತಡೆಯುವ ಔಷಧಿ ಕೊಟ್ಟರು. ಮುಂದಿನ ಸಲ ಭಯ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಸದ್ದು ಕೇಳಿಸದೆ ಬರೀ ಔಷಧಿ ಕೊಟ್ಟಾಗ ಏನೂ ಆಗಲಿಲ್ಲ. ಅಂದರೆ ನೆನಪು ಮಾಡಿಕೊಂಡ ಹೊತ್ತಿನಲ್ಲಿ ನೆನಪು ಮೆತ್ತಗಾಗುತ್ತದೆ, ಅದನ್ನು ಹೊಸ ಪ್ರೋಟೀನಿನಿಂದ ಮತ್ತೆ ಗಟ್ಟಿ ಮಾಡಿಟ್ಟುಕೊಳ್ಳಬೇಕಾಗುತ್ತದೆ. ಆ ಸಂದಿಯಲ್ಲೇ ಅದು ಬದಲಾಗಬಹುದು. ಗಾಯ ಮಾಯುವಂತೆ ನೆನಪೂ ಮಾಗುತ್ತದೆ. ಪೋಸ್ಟ್ ಮಾಗುವುದಿಲ್ಲ. 41 ಲೈಕ್‌ನ ಜೊತೆ ಹಸಿಯಾಗಿಯೇ ಇರುತ್ತದೆ.

ಏನೂ ಮರೆಯದಿದ್ದರೆ ಒಳ್ಳೆಯದು ಅನ್ನುವವರಿಗೆ ‘ಎ.ಜೆ.’ ಎಂಬ ಮಹಿಳೆಯ ಕಥೆ ಹೇಳಬೇಕು. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2006ರಲ್ಲಿ ಆಕೆಯ ಬಗ್ಗೆ ಬರೆದರು. ಹದಿಹರೆಯದಿಂದ ಈಚೆಗಿನ ಯಾವ ತಾರೀಕು ಹೇಳಿದರೂ ಅವತ್ತು ಏನಾಯಿತೆಂದು ಆಕೆ ಹೇಳುತ್ತಿದ್ದರು. ಅದು ವರವಲ್ಲ, ಹೊರೆ ಅಂತ ಆಕೆಯೇ ಹೇಳಿಕೊಂಡಿದ್ದರು.

ನ್ಯಾಯಾಲಯಗಳೂ ಇಲ್ಲಿಗೆ ಬಂದು ನಿಂತಿವೆ. ಹಳೇ ಮಾಹಿತಿಯ ಕೊಂಡಿಗಳನ್ನು ತನ್ನ ಹೆಸರಿನ ಹುಡುಕಾಟದಿಂದ ತೆಗೆಸುವಂತೆ ಕೇಳಬಹುದು ಎಂದು ಯುರೋಪಿನ ನ್ಯಾಯಾಲಯ 2014ರಲ್ಲಿ ಹೇಳಿತು. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೆ ತಂದೆಯೊಬ್ಬರು ಬಂದಿದ್ದರು. ಹಳೇ ಆದೇಶವೊಂದರಲ್ಲಿದ್ದ ಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗಬಾರದು ಅನ್ನುವುದು ಅವರ ಮನವಿ. ಕೋರ್ಟ್ ಒಪ್ಪಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಕೇಸು ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಜನ ಬದಲಾಗುತ್ತಾರೆ, ಮೊದಲು ಹಿಡಿದ ದಾರಿಗೇ ಅವರನ್ನು ಕಟ್ಟಿಹಾಕಬಾರದು ಎಂಬ ಮಾತೂ ಆ ತೀರ್ಪಿನಲ್ಲಿದೆ. ನನಗೆ ಆ ಮಾತು ಕಾನೂನಿಗಿಂತ ದೊಡ್ಡದು ಅನ್ನಿಸುತ್ತದೆ.

ಹಾಗಂತ ಫೋನ್ ತಪ್ಪು ಹೇಳಿತು ಅನ್ನಲಾರೆ. ನನ್ನ ಸುಳ್ಳು ನೆನಪನ್ನು ಅದು ತಿದ್ದಿತು, ಅದು ಒಳ್ಳೆಯದೇ ಆಯಿತು. ಆದರೆ ಅದರ ಹತ್ತಿರ ಇರುವುದು ನಾಲ್ಕು ಜನ ನೋಡಲಿ ಅಂತ ನಾನು ಮಾಡಿದ್ದು ಮಾತ್ರ. ಎರಡು ದಿನ ಬಿಟ್ಟು ಅವಳ ಮನೆಗೆ ಹೋಗಿದ್ದು ಎಲ್ಲೂ ದಾಖಲಾಗಿಲ್ಲ. ಅದನ್ನು ಪೋಸ್ಟ್ ಮಾಡಬೇಕು ಅಂತ ಯಾರಿಗೆ ತೋಚುತ್ತದೆ?

ಒಲೆ ಒರೆಸಿ ಅವಳಿಗೆ ಫೋನ್ ಮಾಡಿದೆ. ಆ ನಾಲ್ಕು ಸಾಲು ಓದಿ ಹೇಳಿದೆ. ಅವಳಿಗೆ ಒಂದು ಪದವೂ ನೆನಪಿರಲಿಲ್ಲ.

“ಮಳೇಲಿ ನೆನೆದುಕೊಂಡು ಬಂದು ಬಾಗಿಲಲ್ಲೇ ಅತ್ತೆಯಲ್ಲ ಕಣೇ, ಅದು ಮಾತ್ರ ನೆನಪಿದೆ” ಅಂದಳು.

ನನಗೆ ಮಳೆ ನೆನಪಿರಲಿಲ್ಲ.