ಊಟದ ತಟ್ಟೆಯಲ್ಲಿ ನಾಲ್ಕು ವಾಲ್ವ್

ಚಿಕ್ಕವನಿದ್ದಾಗ ಕಾರಿನ ಹಿಂದೆ ‘16ವಿ’ ಅಂತ ಕಂಡರೆ ಹದಿನಾರು ವೋಲ್ಟಿನ ಬ್ಯಾಟರಿ ಇರಬೇಕು ಅಂದುಕೊಂಡಿದ್ದೆ. ಅದು ವಾಲ್ವ್‌ಗಳ, ಅಂದರೆ ಎಂಜಿನ್ನಿನ ಕಿಂಡಿ ತೆರೆದು ಮುಚ್ಚುವ ಮುಚ್ಚಳಗಳ ಲೆಕ್ಕ. ನಾಲ್ಕು ಸಿಲಿಂಡರ್ (ಇಂಧನ ಉರಿಯುವ ಕೊಳವೆ), ಒಂದೊಂದಕ್ಕೂ ನಾಲ್ಕು ವಾಲ್ವ್: ಗಾಳಿ ಒಳಗೆ ಬರೋಕೆ ಎರಡು ಇನ್‌ಲೆಟ್, ಹೊಗೆ ಹೋಗೋಕೆ ಎರಡು ಎಕ್ಸಾಸ್ಟ್. ಇದೆಲ್ಲ ಫೋರ್ ಸ್ಟ್ರೋಕ್ ಎಂಜಿನ್ನಿನ ಮಾತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ಡಿ ಟೂ ಸ್ಟ್ರೋಕ್. ಅದರಲ್ಲಿ ಈ ಥರದ ವಾಲ್ವೇ ಇರಲಿಲ್ಲ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಕಿಂಡಿ ತೆರೆದು ಮುಚ್ಚುತ್ತಿತ್ತು.

ಸರಿ, ಎರಡು ದೊಡ್ಡ ವಾಲ್ವ್ ಸಾಲದಾ? ನಾಲ್ಕು ಯಾಕೆ?

12 ಅಂಗುಲದ ಊಟದ ತಟ್ಟೆ ತಗೊಳ್ಳಿ. ಅದು ಸಿಲಿಂಡರ್. ಬಟ್ಟಲುಗಳು ವಾಲ್ವ್. ಒಂದೇ ಅಳತೆಯ ಎರಡು ಬಟ್ಟಲು ಇಟ್ಟರೆ ಒಂದೊಂದೂ ಹೆಚ್ಚೆಂದರೆ 6 ಅಂಗುಲ. ತಟ್ಟೆಯ ಸರಿಯಾಗಿ ಅರ್ಧ ತುಂಬುತ್ತದೆ. ನಾಲ್ಕು ಇಟ್ಟರೆ ಒಂದೊಂದೂ 5 ಅಂಗುಲಕ್ಕೆ ಚೂರು ಕಡಿಮೆ, ಆದರೆ ತುಂಬುವ ಜಾಗ ಶೇ 68.6. ಇನ್ನೊಂದು ವಿಷಯ ಇದೆ. ವಾಲ್ವ್ ತೆರೆಯುವುದು ಕೆಲವೇ ಮಿಲಿಮೀಟರ್, ಗಾಳಿ ನುಗ್ಗುವುದು ಅದರ ಅಂಚಿನ ಸುತ್ತಲಿನ ಸಂದಿಯಿಂದ. 6 ಅಂಗುಲದ ಒಂದು ಬಟ್ಟಲಿನ ಸುತ್ತಳತೆ ಸುಮಾರು 19 ಅಂಗುಲ. ಅದರ ಬದಲು 5 ಅಂಗುಲದ ಎರಡು ಇಟ್ಟರೆ 31. ಲಾಭ ಇರುವುದು ಇಲ್ಲೇ. ಜೊತೆಗೆ ಸಣ್ಣ ವಾಲ್ವ್ ಹಗುರ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಏರಿದಾಗಲೂ ಸ್ಪ್ರಿಂಗಿನ ಮಾತು ಕೇಳುತ್ತದೆ. ಸ್ಪಾರ್ಕ್ ಪ್ಲಗ್ಗಿಗೂ ನಟ್ಟನಡುವೆ ಜಾಗ ಸಿಗುತ್ತದೆ.

ಈ ಲೆಕ್ಕ ಹೊಸದಲ್ಲ. 1912ರಲ್ಲೇ ಪ್ಯೂಜೊ ಎಲ್76 ರೇಸ್ ಕಾರಿನಲ್ಲಿ ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ನೆತ್ತಿಯಲ್ಲಿ ತಿರುಗುತ್ತಾ ತನ್ನ ಉಬ್ಬುಗಳಿಂದ ವಾಲ್ವ್ ಒತ್ತುವ ದಂಡ), ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದವು. ಸ್ವಿಸ್ ಎಂಜಿನಿಯರ್ ಅರ್ನೆಸ್ಟ್ ಆನ್ರಿ ಜೊತೆ ಬ್ವಾಯೊ, ಗೂ, ಜುಕರೆಲ್ಲಿ ಎಂಬ ಮೂವರು ಚಾಲಕರು ಸೇರಿ ಮಾಡಿದ ಕೆಲಸ ಅದು. ಕಂಪನಿಯ ಉಳಿದವರು ಇವರನ್ನು ಬೂಟಾಟಿಕೆಯವರು ಅಂತ ಆಡಿಕೊಳ್ಳುತ್ತಿದ್ದರು. ಆ ವರ್ಷ ಡಿಯೆಪ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರೀಯಲ್ಲಿ 7.6 ಲೀಟರಿನ ಪ್ಯೂಜೊ 14 ಲೀಟರ್ ಮೀರಿದ ಫಿಯಾಟನ್ನು ಸೋಲಿಸಿತು. ಮರುವರ್ಷ ಇಂಡಿಯಾನಾಪೊಲಿಸ್ 500 ಕೂಡ ಗೆದ್ದಿತು.

ಆಮೇಲೆ ಬೆಂಟ್ಲಿ, ಡ್ಯೂಸನ್‌ಬರ್ಗ್‌ನಂಥ ದುಬಾರಿ ಕಾರುಗಳಿಗೆ ಬಂತು. ರೋಲ್ಸ್ ರಾಯ್ಸ್ ಮರ್ಲಿನ್ ವಿಮಾನ ಎಂಜಿನ್ನಿಗೂ ಬಂತು. ಮಾಮೂಲಿ ಕಾರಿಗೆ ಮಾತ್ರ ಬರಲಿಲ್ಲ. ಬಿಡಿಭಾಗ ಜಾಸ್ತಿ, ಖರ್ಚು ಜಾಸ್ತಿ. ದಾರಿ ಅಗಲವಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ನಿಧಾನಕ್ಕೆ ಹರಿಯುತ್ತದೆ, ಪಿಕಪ್ ಬೀಳುತ್ತದೆ.

ನನ್ನ ಪ್ರಕಾರ ನಿಜವಾದ ತಿರುವು 1967. ಬ್ರಿಟನ್ನಿನ ರೇಸ್ ಎಂಜಿನ್ ಕಂಪನಿ ಕಾಸ್‌ವರ್ತ್‌ನ ಕೀತ್ ಡಕ್‌ವರ್ತ್ ಮಾಡಿದ ಡಿಎಫ್‌ವಿ ಎಂಬ ಫಾರ್ಮುಲಾ ಒನ್ ಎಂಜಿನ್ ಮೊದಲ ರೇಸಿನಲ್ಲೇ, ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ, ಚಾಲಕ ಜಿಮ್ ಕ್ಲಾರ್ಕ್‌ಗೆ ಗೆಲುವು ಕೊಟ್ಟಿತು. ವಾಲ್ವ್ ನಾಲ್ಕಿದ್ದದ್ದಕ್ಕಿಂತ ಅವು ಕೂತ ಕೋನವನ್ನು ನೋಡಬೇಕು. ಇನ್‌ಲೆಟ್ ಎಕ್ಸಾಸ್ಟ್ ನಡುವೆ ಬರೀ 32 ಡಿಗ್ರಿ. ಕೋನ ಅಗಲವಾದರೆ ಸಿಲಿಂಡರಿನ ಮೇಲಿನ ಚಾವಣಿ ಗುಡಾರದ ಹಾಗೆ ಎತ್ತರವಾಗುತ್ತದೆ. ಆಗ ಕಂಪ್ರೆಷನ್ (ಗಾಳಿಯನ್ನು ಒತ್ತಿ ಕುಗ್ಗಿಸುವುದು) ಸಿಗಬೇಕಾದರೆ ಪಿಸ್ಟನ್ ತಲೆಯನ್ನು ಉಬ್ಬಿಸಬೇಕು. ಬೆಂಕಿ ಆ ಗುಡ್ಡ ಸುತ್ತಿಕೊಂಡು ಹೋಗಬೇಕು. ಡಕ್‌ವರ್ತ್ ಚಾವಣಿಯನ್ನು ತಗ್ಗಿಸಿದ, ಪಿಸ್ಟನ್ ಸುಮಾರಾಗಿ ಚಪ್ಪಟೆಯಾಗೇ ಉಳಿಯಿತು.

ರಸ್ತೆಗೆ ಬರುವಾಗ ಒಬ್ಬೊಬ್ಬರದು ಒಂದೊಂದು ಉಪಾಯ. 1973ರ ಟ್ರಯಂಫ್ ಡೊಲೊಮೈಟ್ ಸ್ಪ್ರಿಂಟ್ ಒಂದೇ ಕ್ಯಾಮ್‌ಶಾಫ್ಟಿನಲ್ಲಿ 16 ವಾಲ್ವ್ ಆಡಿಸಿತು. ಕ್ಯಾಮಿನ ಒಂದೇ ಉಬ್ಬು ಒಮ್ಮೆ ಇನ್‌ಲೆಟ್ಟನ್ನು ನೇರ ಒತ್ತುತ್ತದೆ, ತಿರುಗಿ ಬಂದು ರಾಕರ್ ಎಂಬ ಸನ್ನೆಗೋಲಿನ ಮೂಲಕ ಎಕ್ಸಾಸ್ಟನ್ನೂ ಒತ್ತುತ್ತದೆ. ಜುಗ್ಗತನ ಅನ್ನಿ, ಜಾಣತನ ಅನ್ನಿ! 1983ರ ಟೊಯೋಟಾ 4ಎ-ಜಿಇ ಎಂಜಿನ್ ಪಿಕಪ್ ಸಮಸ್ಯೆಗೆ ಉಪಾಯ ಹುಡುಕಿತು. ಆರ್‌ಪಿಎಂ ಕಡಿಮೆ ಇದ್ದಾಗ ಎರಡು ಇನ್‌ಲೆಟ್ ದಾರಿಗಳಲ್ಲಿ ಒಂದನ್ನು ಮುಚ್ಚಿಬಿಡುತ್ತಿತ್ತು.

ಹಾಗಾದರೆ ಐದು ವಾಲ್ವ್ ಇನ್ನೂ ಒಳ್ಳೇದು ಅಲ್ವಾ? ಯಮಹಾ 1985ರ ಎಫ್‌ಝಡ್750 ಬೈಕಿನಲ್ಲಿ ಮೂರು ಇನ್‌ಲೆಟ್, ಎರಡು ಎಕ್ಸಾಸ್ಟ್ ಹಾಕಿತು. ಅದೇ ತಟ್ಟೆಗೆ ಐದು ಬಟ್ಟಲು ಇಟ್ಟು ಲೆಕ್ಕ ಹಾಕಿ: ಶೇ 68.5. ನಾಲ್ಕಕ್ಕಿಂತ ಕೂದಲೆಳೆ ಕಡಿಮೆಯೇ! ಅಂಚಿನ ಸುತ್ತಳತೆ ಹೆಚ್ಚಾಗುತ್ತದೆ ನಿಜ, ಆದರೆ ವಾಲ್ವ್ ಕೂರುವ ಮೇಲ್ಭಾಗದ, ಅಂದರೆ ಹೆಡ್ಡಿನ ಕೆಲಸ ಗೋಜಲಾಗುತ್ತದೆ. 2007ರಲ್ಲಿ ಯಮಹಾ ತನ್ನ ಆರ್1 ಬೈಕಿಗೆ ಮತ್ತೆ ನಾಲ್ಕೇ ವಾಲ್ವ್ ಕೊಟ್ಟಿತು.